ಹೊಟ್ಟೆಮೇಷ್ಟ್ರು

ಜೂನ್ 9

ಪ್ರೀತಿಯ ಗುಂಡುಸೂಜಿ,

ನಿನ್ನ ಪತ್ರ ಬಂತು. ನಾನು ಓದಿ ನಿನ್ನ ಅತ್ತೆಯ ಕೈಗೆ ಕೊಟ್ಟೆ. ಅವಳು ಓದಿ ಮೂಗು ಒರೆಸಿಕೊಂಡು, 'ಎಲ್ಲ ನಿಮ್ಮ ಅಕ್ಕನ ಥರವೇ, ಬರೆಯೋದಕ್ಕೆ ಕೂತರೆ ಅಳೋದು' ಎಂದಳು. ನಿನ್ನ ಅಮ್ಮನಿಗೆ ಇದನ್ನು ಹೇಳಬೇಡ.

ಕ್ಯಾನ್ಸರ್ ವಾರ್ಡಿನ ಬಾಗಿಲು ಕಂಡರೆ ಕಾಲು ಹಿಂದಕ್ಕೆ ಹೋಗುತ್ತದೆ, ಡಾಕ್ಟರಾಗುವ ಯೋಗ್ಯತೆ ನನಗಿಲ್ಲ, ಈ ವರ್ಷ ಮುಗಿಸಿ ಬಿಟ್ಟುಬರುತ್ತೇನೆ, ನಿನ್ನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ಕೊಡು ಮಾವ ಎಂದು ಬರೆದಿದ್ದೀಯ. ಗುಂಡಿ ಹೊಲಿಯುವುದೆಂದರೆ ಏನೆಂದುಕೊಂಡೆ? ನೀನು ಹೈಸ್ಕೂಲಿನಲ್ಲಿದ್ದಾಗ ನನ್ನ ಅಂಗಿಗೆ ಹೊಲಿದ ಗುಂಡಿ ಇನ್ನೂ ನೆನಪಿದೆ. ಅಂಗಿಯ ಜೊತೆ ಬನಿಯನ್ನನ್ನೂ ಸೇರಿಸಿ ಹೊಲಿದಿದ್ದೆ. ಆ ಸಂಜೆ ನಿನ್ನ ಅತ್ತೆ ನನ್ನನ್ನು ಕತ್ತರಿ ಹಾಕಿ ಹೊರತೆಗೆಯಬೇಕಾಯಿತು. ನಿನಗೆ ಡಾಕ್ಟರ್ ಕೆಲಸ ಬಿಟ್ಟರೆ ಬೇರೆ ಗತಿ ಇಲ್ಲ, ತಿಳಿದುಕೋ.

ಯೋಗ್ಯತೆಯ ಮಾತು ಬಂತಲ್ಲ, ಹೇಳುತ್ತೇನೆ. ನಾನು ಓದಿದ ಹಳ್ಳಿಯ ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಒಂದನೇ ಕ್ಲಾಸಿನಲ್ಲಿ ಕೂತಾಗಲೇ ಏಳನೇ ಕ್ಲಾಸಿನ ಪಾಠವೂ ಕಿವಿಗೆ ಬೀಳುತ್ತಿತ್ತು. ಲೆಕ್ಕ ಹಾಕಿದರೆ ನಾನು ಏಳನೇ ಕ್ಲಾಸನ್ನು ಏಳು ವರ್ಷ ಓದಿದವನು. ಯಾವ ಪ್ರೊಫೆಸರು ಅಷ್ಟು ಆಳವಾಗಿ ಓದಿದ್ದಾನೆ, ತೋರಿಸು.

ಅದಕ್ಕೇ ಇರಬೇಕು, ನಿನ್ನ ಮಾವನಿಗೆ ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ! ವಾರಕ್ಕೊಂದು ದಿನ ಅಂಗಡಿಯ ಬಾಗಿಲು ಎಳೆದು ಹೋಗಿಬರುತ್ತೇನೆ. ಬಿಳಿ ಕೋಟಿನ ಹುಡುಗ ಹುಡುಗಿಯರು ಸುತ್ತ ನಿಲ್ಲುತ್ತಾರೆ. ನಾನು ಬಾಯಿ ಬಿಟ್ಟರೆ ಸಾಕು, ಬರೆದುಕೊಳ್ಳುತ್ತಾರೆ. ಕೆಮ್ಮಿದರೂ ಬರೆದುಕೊಳ್ಳುತ್ತಾರೆ. ದೊಡ್ಡ ಡಾಕ್ಟರು ಬಂದವರೇ ಮೊದಲು ನನ್ನ ಬಳಿ, ಆಮೇಲೆ ಮಿಕ್ಕವರ ಬಳಿ. ಮಕ್ಕಳು ಪ್ರೀತಿಯಿಂದ 'ಹೊಟ್ಟೆಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಏನೇ ಹೇಳು, ಮರ್ಯಾದೆಯ ಕೆಲಸ. ಮಲಗಿಕೊಂಡೇ ಪಾಠ.

ಆದ್ದರಿಂದ ಕಾಲೇಜು ಬಿಡುವ ಮಾತು ಆಡಬೇಡ. ಒಂದೇ ಮನೆಯಲ್ಲಿ ಮಾವ ಮೇಷ್ಟ್ರು, ಸೊಸೆ ಅರ್ಧಕ್ಕೆ ಬಿಟ್ಟವಳು ಎಂದರೆ ನನ್ನ ಕೆಲಸಕ್ಕೆ ಕುತ್ತು.

ಇಂತಿ,
ನಿನ್ನ ಒಬ್ಬನೇ ಮಾವ (ಒಬ್ಬನೇ ಸಾಕು ಎಂದು ದೇವರಿಗೂ ಅನ್ನಿಸಿರಬೇಕು)


ಜೂನ್ 17

ಮಾವ,

ಯಾವ ಕಾಲೇಜಿನಲ್ಲಿ ಮೇಷ್ಟ್ರು ಮಲಗಿಕೊಂಡು ಪಾಠ ಹೇಳುತ್ತಾರೆ? ನನಗೆ ಗೊತ್ತಿರುವ ಒಂದೇ ಜಾಗ, ವಾರ್ಡಿನ ಮಂಚ. ನಾನು ಆ ಮಂಚದ ಈ ಕಡೆ ನಿಲ್ಲುವವಳು, ನೆನಪಿರಲಿ. ಸುತ್ತ ನಿಂತು ಕೆಮ್ಮನ್ನೂ ಬರೆದುಕೊಳ್ಳುವವರಲ್ಲಿ ನಾನೂ ಒಬ್ಬಳು.

ನಿನ್ನ ಹೊಟ್ಟೆಯಲ್ಲಿ ಏನಿದೆ? ಫೋನ್ ಮಾಡಿದರೆ 'ಕತ್ತರಿ ಕೈಯಲ್ಲಿದೆ, ಆಮೇಲೆ' ಎನ್ನುತ್ತೀಯ. ಅತ್ತೆ ಎತ್ತಿದರೆ ನೀನು ಹಿಂದಿನಿಂದ ಹಾಡುವುದು ಕೇಳಿಸುತ್ತದೆ. ಏಪ್ರಿಲ್‌ನಲ್ಲಿ ನಾನು ಬಂದಾಗ ಅತ್ತೆ, 'ಊರಿಗೆ ಹೋಗಿದ್ದಾರೆ' ಎಂದರಲ್ಲ, ಯಾವ ಊರಿಗೆ?

ಮುಂದಿನ ಪತ್ರದ ಮೊದಲ ಸಾಲಿನಲ್ಲಿ ನಿಜ ಬರಬೇಕು. ಎರಡನೇ ಸಾಲಿನಿಂದ ಬೇಕಾದರೆ ಬುರುಡೆ ಬಿಡು.

ಕೋಪದಲ್ಲಿ,
ಗುಂಡುಸೂಜಿ


ಜೂನ್ 24

ರಕ್ತದ ಕ್ಯಾನ್ಸರ್.

ಮೊದಲ ಸಾಲು ಮುಗಿಯಿತು. ಸಮಾಧಾನವಾಯಿತೇ, ಗುಂಡುಸೂಜಿ? ಈಗ ಅಳುವುದಿದ್ದರೆ ಅತ್ತುಬಿಡು, ನಾನು ಇಲ್ಲೇ ಕಾಯುತ್ತೇನೆ.

ಆಯಿತೇ? ಕೇಳು. ಅದರಲ್ಲೂ ಜಾತಿಗಳಿವೆಯಂತೆ. ನನ್ನದು ನಿಧಾನದ ಜಾತಿ, ದಿನಾ ಮಾತ್ರೆ ನುಂಗಿ ಹದ್ದುಬಸ್ತಿನಲ್ಲಿಡುವಂಥದ್ದು. ಏಪ್ರಿಲ್‌ನಲ್ಲಿ ನಾನು ಹೋದ ಊರು ಆಸ್ಪತ್ರೆ. ಎಡ ಪಕ್ಕೆಯ ಒಳಗೆ ಗುಲ್ಮ (ನಿಮ್ಮ ಭಾಷೆಯಲ್ಲಿ ಸ್ಪ್ಲೀನ್) ಎಂಬುದೊಂದು ಇರುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಬೇರೆಯವರಿಗೆ ಅದು ಮುಷ್ಟಿಯಷ್ಟು, ಪಕ್ಕೆಯ ಮರೆಯಲ್ಲಿ ಮರ್ಯಾದೆಯಿಂದ ಕೂತಿರುತ್ತದೆ. ಈ ಕಾಯಿಲೆ ಬಂದರೆ ಊದುತ್ತದಂತೆ, ನಿನ್ನ ಮಾವನ ಗುಲ್ಮ ಹೊಕ್ಕುಳದವರೆಗೆ ಇಳಿದಿತ್ತು. ನಮ್ಮ ವಂಶದಲ್ಲಿ ಯಾವುದನ್ನೂ ಚಿಕ್ಕದಾಗಿ ಮಾಡಿದ್ದುಂಟೇ? 'ಇಷ್ಟು ಚೆನ್ನಾಗಿ ಕೈಗೆ ಸಿಗೋ ಗುಲ್ಮ ಅಪರೂಪ, ಮಕ್ಕಳಿಗೆ ತೋರಿಸಬಹುದಾ?' ಎಂದರು ನನ್ನ ಡಾಕ್ಟರು. ಹೊಗಳಿಕೆಗೆ ನಾನು ಕರಗುವವನು ಎಂದು ಅವರಿಗೆ ಹೇಗೆ ಗೊತ್ತಾಯಿತೋ! ಹೀಗೆ ನಾನು ಮೇಷ್ಟ್ರಾದೆ.

ನಿನಗೆ ಹೇಳದಿದ್ದ ಕಾರಣ ಇಷ್ಟೇ. ನೀನು ಆ ವಾರ್ಡಿಗೆ ಹೋಗಲು ಶುರುಮಾಡಿದ್ದು ಅದೇ ತಿಂಗಳು. ಅಲ್ಲಿ ಮಲಗಿದ ಪ್ರತಿ ಮುಖದಲ್ಲೂ ಮಾವ ಕಾಣಿಸಿದರೆ ನೀನು ಪಾಠ ಕಲಿಯುವುದು ಯಾವಾಗ?

ಈಗ ನನ್ನ ಕ್ಲಾಸಿನ ಬಗ್ಗೆ. ಮಕ್ಕಳು ಒಳ್ಳೆಯವರು, ಆದರೆ ಪುಸ್ತಕದ ಹುಳುಗಳು. ಒಬ್ಬ ಬಂದು, 'ನಿಮ್ಮ ಕಂಪ್ಲೇಂಟ್ ಏನು?' ಎಂದ. 'ಕರೆಂಟು ಪದೇ ಪದೇ ಹೋಗುತ್ತೆ' ಎಂದೆ. ಅದನ್ನೂ ಬರೆದುಕೊಂಡ. ಇನ್ನೊಬ್ಬ ಹೆಸರು ಕೇಳುವ ಮುಂಚೆ ಅಂಗಿ ಎತ್ತಿದ. ನಾನು ಕೆಳಗಿಳಿಸಿ, 'ಬಾಗಿಲು ತಟ್ಟಿ ಒಳಗೆ ಬಾ' ಎಂದೆ. ಈಗ ಎಲ್ಲರೂ ನಮಸ್ಕಾರ ಹೇಳಿ, ಸ್ಟೂಲ್ ಎಳೆದು ಕೂತು, ಆಮೇಲೆ ಮುಟ್ಟುತ್ತಾರೆ. ಹಾಗೆ ಮಾಡಿದವರಿಗೆ ನನ್ನಿಂದ ಬಹುಮಾನವಿದೆ. ದೊಡ್ಡ ಡಾಕ್ಟರು ಬರುವ ಮುಂಚೆ ಉತ್ತರವನ್ನು ಕಿವಿಯಲ್ಲಿ ಹೇಳಿಬಿಡುತ್ತೇನೆ. 'ಗುಲ್ಮ, ಹೊಕ್ಕುಳದವರೆಗೆ.' ಅವರು ಆಮೇಲೆ ಸುಮ್ಮನೆ ಎರಡು ಸಲ ಒತ್ತಿದ ಹಾಗೆ ಮಾಡಿ, ಎದೆಯುಬ್ಬಿಸಿ ಹೇಳುತ್ತಾರೆ. ಡಾಕ್ಟರು, 'ಈ ಬ್ಯಾಚು ತುಂಬಾ ಚುರುಕು' ಎನ್ನುತ್ತಾರೆ. ನಾನು ಚಾವಣಿ ನೋಡುತ್ತೇನೆ.

ಒಬ್ಬಳು ಮಾತ್ರ ನನ್ನ ಬಹುಮಾನ ತೆಗೆದುಕೊಳ್ಳುವುದಿಲ್ಲ. ಮಾತು ಕಮ್ಮಿ, ಕೈಯಂತೂ ಐಸು. ಮೊದಲ ದಿನ ಅವಳು ಮುಟ್ಟಿದಾಗ ನಾನು ಮಂಚದಿಂದ ಎದ್ದೇ ಹೋದೆ. 'ಮಂಜುಗಡ್ಡೆ' ಎಂದು ಹೆಸರಿಟ್ಟೆ. ಈಗ ಕೈ ಉಜ್ಜಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು, ಬೆಚ್ಚಗೆ ಮಾಡಿಕೊಂಡು ಬರುತ್ತಾಳೆ. ಉತ್ತರ ಹೇಳಲು ಹೋದರೆ, 'ಮಾತಾಡ್ಬೇಡಿ, ಹೊಟ್ಟೆ ಬಿಗಿಯಾಗತ್ತೆ' ಎಂದು ಗದರುತ್ತಾಳೆ. ಯಾರ ನೆನಪಾಗುತ್ತದೆ ಹೇಳು?

ನಿನ್ನ ವಾರ್ಡಿನಲ್ಲಿ ನಡೆದದ್ದು ಏನೆಂದು ಈಗ ನೀನು ಹೇಳು. ಕಾಲು ಹಿಂದಕ್ಕೆ ಹೋಗುವುದಕ್ಕೆ ಕಾರಣವಿರಬೇಕು. ನನ್ನದು ಮೊದಲ ಸಾಲಿನಲ್ಲಿ ಬಂತು. ನಿನ್ನದು?

ಇಂತಿ,
ಗುಲ್ಮಶ್ರೇಷ್ಠ ಮಾವ


ಜುಲೈ 3

ಮಾವ,

ನಾನು ಸುಳ್ಳು ಹೇಳಿದೆ. ಮೊದಲ ಸಾಲು.

ನಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬರು ಬಸ್ ಡ್ರೈವರ್ ಇದ್ದಾರೆ. ಲಿವರಿನಲ್ಲಿ ಗಡ್ಡೆ. ಅದರ ಅಂಚು ಬಲ ಪಕ್ಕೆಯ ಕೆಳಗೆ ಕೈಗೆ ಸಿಗುತ್ತದೆ ಎಂದರು ಸರ್. ಒಬ್ಬೊಬ್ಬರಾಗಿ ಒತ್ತಿ ನೋಡಿದರು. 'ಸಿಕ್ತು ಸರ್', 'ಸಿಕ್ತು ಸರ್'. ನನ್ನ ಸರದಿ ಬಂತು. ಕೈಯಿಟ್ಟು ಒತ್ತಿದೆ. ಏನೂ ಸಿಗಲಿಲ್ಲ. ಹಿಂದೆ ಇನ್ನೂ ಮಂದಿ ಕಾಯುತ್ತಿದ್ದರು. 'ಸಿಕ್ತು ಸರ್' ಎಂದುಬಿಟ್ಟೆ.

ಸರ್ ಮುಂದೆ ಹೋದರು. ಆ ಡ್ರೈವರ್ ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ, 'ನಿಜವಾಗ್ಲೂ ಸಿಕ್ತೇನಮ್ಮಾ?' ಎಂದರು. ಕೊಂಕಿನಿಂದಲ್ಲ ಮಾವ, ತಿಳಿದುಕೊಳ್ಳುವ ಹಾಗೆ. ಅವರ ಮೈಯಲ್ಲಿ ಇರುವುದು ಎಷ್ಟು ದೊಡ್ಡದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ ಅನ್ನಿಸುತ್ತದೆ. ನಾನು ತಲೆಯಾಡಿಸಿ ಬಂದುಬಿಟ್ಟೆ. ಅಂದಿನಿಂದ ಆ ಕಿಟಕಿಯ ಕಡೆ ಹೋಗಿಲ್ಲ. ಅವರು ದೂರದಿಂದಲೇ ಕೈ ಎತ್ತುತ್ತಾರೆ, ನಾನು ಏನೋ ಬರೆಯುವ ಹಾಗೆ ತಲೆ ತಗ್ಗಿಸುತ್ತೇನೆ.

ಇಂಥವಳ ಕೈಗೆ ಯಾರಾದರೂ ಮೈ ಕೊಡಬೇಕೇ, ನೀನೇ ಹೇಳು. ಆಗಸ್ಟ್ ಕೊನೆಗೆ ನಮ್ಮ ಪರೀಕ್ಷೆ. ಕೂರುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನ ಮಾತ್ರೆ ಹೊಟ್ಟೆಗೆ ಒಗ್ಗುತ್ತಿದೆಯೇ? ಊಟದ ಜೊತೆಗೇ ತೆಗೆದುಕೋ.

ಗುಂಡುಸೂಜಿ


ಜುಲೈ 12

ಗುಂಡುಸೂಜಿ,

ನಿನ್ನ ಸುಳ್ಳು ತೀರಾ ಸಣ್ಣದು. ನನ್ನ ಸುಳ್ಳುಗಳ ಪಕ್ಕದಲ್ಲಿ ನಿಲ್ಲಿಸಿದರೆ ನಾಚಿಕೊಳ್ಳುತ್ತದೆ. ಆದರೂ ಅದು ನಿನ್ನನ್ನು ಇಷ್ಟು ಕಾಡುತ್ತಿದೆ ಎಂದರೆ ನಿನ್ನ ಕೈ ಒಳ್ಳೆಯದೇ ಇದೆ ಎಂದು ಅರ್ಥ. ಬಾಯಿ ಆತುರಪಟ್ಟಿತು, ಅಷ್ಟೇ.

ನಾನು ಹೊಲಿಗೆ ಕಲಿಯುವಾಗ ನನ್ನ ಗುರು ಎರಡು ತುಂಡು ಬಟ್ಟೆಯ ನಡುವೆ ಒಂದು ದಾರ ಇಟ್ಟು, 'ಎಲ್ಲಿದೆ ಹೇಳು' ಎನ್ನುತ್ತಿದ್ದರು. ಕಣ್ಣು ಮುಚ್ಚಬೇಕು. ನಾನು ಮೊದಲ ದಿನವೇ ಹೇಳಿಬಿಟ್ಟೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನಗೂ ಹೇಳಿದ್ದೇನೆ. ನಿಜಕ್ಕೂ ಒಂದು ಮಳೆಗಾಲ ಹಿಡಿಯಿತು. ಬೆರಳಿಗೆ ಆತುರ ಹೋಗುವವರೆಗೆ ದಾರ ಸಿಗುವುದಿಲ್ಲ. ಪರೀಕ್ಷೆಗೆ ಕೂರು. ಅದಕ್ಕೂ ಮುಂಚೆ ಆ ಡ್ರೈವರ್ ಹತ್ತಿರ ಕೂರು.

ನನ್ನ ಮಾತ್ರೆ ಒಗ್ಗಿದೆ. ಮೊದಲು ವಾಂತಿ ಬಂದ ಹಾಗಾಗುತ್ತಿತ್ತು, ಈಗ ಇಲ್ಲ. ಕಾಲೇಜಿಗೆ ರಜೆ, ನನಗೂ ರಜೆ. ನಿನ್ನ ಅತ್ತೆ ನನ್ನ ಪ್ಯಾಂಟು ಜಾರುತ್ತದೆ ಎಂದು ರಾಗ ಎಳೆಯುತ್ತಾಳೆ. ಈಗ ಅದೇ ಫ್ಯಾಶನ್ನು, ಅವಳಿಗೇನು ಗೊತ್ತು. ಊರಿನ ಹುಡುಗರೆಲ್ಲ ಜಾರಿಸಿಕೊಂಡೇ ತಿರುಗುತ್ತಾರೆ. ನಾನು ಕಾಲಕ್ಕೆ ತಕ್ಕ ದರ್ಜಿ.

ಇಂತಿ,
ರಜೆಯಲ್ಲಿರುವ ಮೇಷ್ಟ್ರು


ಜುಲೈ 20

ಮಗಳೇ,

ಇದು ನಿನ್ನ ಅತ್ತೆ. ನನಗೆ ಬರೆದು ಅಭ್ಯಾಸವಿಲ್ಲ, ಹೇಳುವುದನ್ನು ನೇರವಾಗಿ ಹೇಳುತ್ತೇನೆ.

ನಿನ್ನ ಮಾವ ಅಂಗಡಿಯ ಪರದೆ ಎಳೆದುಕೊಂಡು ತಮ್ಮ ಪ್ಯಾಂಟುಗಳನ್ನು ತಾವೇ ಸೊಂಟದಲ್ಲಿ ಹಿಡಿಸಿ ಚಿಕ್ಕದು ಮಾಡುತ್ತಿದ್ದಾರೆ. ಒಂದು ಸಲ ಹಿಡಿಸಿದ್ದನ್ನು ಮತ್ತೆ ಬಿಚ್ಚಿ ಹಿಡಿಸುತ್ತಾರೆ. 'ಟೇಪು ಹಿಡೀರಿ, ನಾನು ಅಳೀತೀನಿ' ಎಂದರೆ, 'ನನ್ನ ಕಣ್ಣಳತೆ ಸಾಕು' ಎನ್ನುತ್ತಾರೆ. ಊರಿನವರನ್ನೆಲ್ಲ ಅಳೆದ ಮನುಷ್ಯ ತನ್ನ ಸೊಂಟಕ್ಕೆ ಟೇಪು ಸುತ್ತುವುದಿಲ್ಲ. ಆಸ್ಪತ್ರೆಯ ತಪಾಸಣೆಗೆ ಕರೆದ ದಿನ ಗಿರಾಕಿಗಳ ನೆಪ ಹೇಳಿ ಹೋಗಲಿಲ್ಲ. ಮಾತ್ರೆ ನಾನೇ ಹೋಗಿ ತಂದೆ.

ನಿನಗೆ ಗೊತ್ತಲ್ಲ, ಪಕ್ಕದ ಅಂಗಡಿಯ ಕ್ಷೌರದವರು. ಅವರಿಗೂ ಇದೇ ಕಾಯಿಲೆ, ಬೇರೆ ಜಾಗದಲ್ಲಿ. ಕೊನೆಯ ವರ್ಷ ಅವರು ಸಣ್ಣಗಾಗುತ್ತಾ ಹೋದಾಗ ಅವರ ಪ್ಯಾಂಟುಗಳನ್ನು ಹಿಡಿಸಿಕೊಟ್ಟವರು ಇವರೇ. ಕೊನೆಗೆ ಹಿಡಿಸಿದ ಪ್ಯಾಂಟು ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. ಅದು ಈಗಲೂ ನಮ್ಮ ಕಪಾಟಿನಲ್ಲಿದೆ.

ನನ್ನ ಮುಂದೆ ದಿನವಿಡೀ ನಗಿಸುತ್ತಾರೆ. ನಾನೂ ನಗುತ್ತೇನೆ. ನೀನು ಏನಾದರೂ ಹೇಳು.

ಅತ್ತೆ


ಜುಲೈ 29

ಮಾವ,

ಒಂದೇ ಪ್ರಶ್ನೆ. ಸಡಿಲವಾಗಿರುವುದು ಸೊಂಟ ಮಾತ್ರವೇ, ಅಥವಾ ಅಂಗಿಯ ಭುಜ, ತೋಳು, ಕೈಗಡಿಯಾರದ ಪಟ್ಟಿಯೂ? ದರ್ಜಿಗೆ ಇದು ನೋಡಿದರೆ ಗೊತ್ತಾಗುತ್ತದೆ. ನೋಡು. ತಪಾಸಣೆಗೂ ಹೋಗು.

ನೀನು ಹೋಗದಿದ್ದರೆ ನಾನೂ ಪರೀಕ್ಷೆಗೆ ಕೂರುವುದಿಲ್ಲ. ಲೆಕ್ಕ ಸರಿಹೋಯಿತು.

ಗುಂಡುಸೂಜಿ


ಆಗಸ್ಟ್ 21

ನನ್ನ ಗುಂಡುಸೂಜಿ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ನಿನ್ನ ಪ್ರಶ್ನೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಕನ್ನಡಿಯ ಮುಂದೆ ಹೋಗಿ ನೋಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡೆ. ನಿನ್ನೆ ನಡೆದದ್ದು ಹೇಳುತ್ತೇನೆ. ಮೊದಲು ನೀರು ಕುಡಿದು ಕೂತುಕೋ, ಒಳ್ಳೆಯ ಸುದ್ದಿಯನ್ನು ನಿಂತು ಓದಬಾರದು.

ಮೊನ್ನೆ ಕಾಲೇಜಿನಿಂದ ಫೋನ್ ಬಂತು. 'ಹೊಟ್ಟೆಮೇಷ್ಟ್ರೇ, ನಾಳೆ ನಮ್ಮ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರ್ತಿದಾರೆ, ನೀವೇ ಬೇಕು' ಎಂದರು. ತಪಾಸಣೆಗೆ ಕರೆದರೆ ಗಿರಾಕಿ ಅಡ್ಡ ಬರುತ್ತಾರೆ, ಪಾಠಕ್ಕೆ ಕರೆದರೆ ಯಾರು ಅಡ್ಡ ಬರುತ್ತಾರೆ! ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಹಸಿರು ಪರದೆಯ ಹಿಂದೆ ಮಲಗಿದೆ. ಪ್ಯಾಂಟಿನ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಲಗಿದೆ, ಅದು ಬೇರೆ ವಿಷಯ.

ಪರೀಕ್ಷಕರ ದನಿ ಕೇಳಿದರೆ ತಗಡಿನ ಮಾಡಿನ ಮೇಲೆ ಗುಂಡುಕಲ್ಲು ಉರುಳಿದ ಹಾಗೆ. ಗುಡುಗು ಎಂದು ಹೆಸರಿಟ್ಟೆ. ಮೊದಲು ಬಂದವನು ಉದ್ದನೆಯ ಹುಡುಗ, ನನ್ನ ಮೆಚ್ಚಿನ ಶಿಷ್ಯ. ಕಿವಿ ಹತ್ತಿರ ತಂದ. 'ಗುಲ್ಮ, ಹೊಕ್ಕುಳದವರೆಗೆ' ಎಂದೆ. ಅವನು ಹೊಟ್ಟೆಯ ಮೇಲೆ ಕೈಯಿಟ್ಟು ಕಿಟಕಿ ನೋಡಿ, ಗುಡುಗು ಬಂದೊಡನೆ ಗಿಣಿಯ ಹಾಗೆ ಒಪ್ಪಿಸಿದ. ಅವನ ಹಿಂದೆ ಬಂದ ಕನ್ನಡಕದವನೂ ಹಾಗೇ, ಅವನ ಹಿಂದೆ ಬಂದ ನಗುಮುಖದವಳೂ ಹಾಗೇ. ಗುಡುಗು ಫೈಲು ನೋಡಿ ತಲೆಯಾಡಿಸಿತು. ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯುತ್ತಿತ್ತು.

ಆಗ ಬಂದಳು ಮಂಜುಗಡ್ಡೆ.

ಕೈ ಉಜ್ಜಿಕೊಂಡು, ಸ್ಟೂಲಿನ ಮೇಲೆ ಕೂತು, 'ನಮಸ್ಕಾರ. ಹೊಟ್ಟೆ ನೋಡ್ಬಹುದಾ? ಕೈ ಬೆಚ್ಚಗಿದ್ಯಾ?' ಎಂದಳು.

'ರೊಟ್ಟಿ ಸುಡಬಹುದು ಕಣಮ್ಮ. ಗುಲ್ಮ, ಹೊಕ್ಕು...'

'ಮಾತಾಡ್ಬೇಡಿ. ಉಸಿರು ಎಳ್ಕೊಳ್ಳಿ.'

ಕೆಳಗಿನಿಂದ ಶುರುಮಾಡಿ ಬೆರಳು ಬೆರಳಾಗಿ ಮೇಲಕ್ಕೆ ಬಂದಳು. ಪಕ್ಕೆಯವರೆಗೆ ಬಂದು ನಿಂತಳು. ಮತ್ತೆ ಕೆಳಗಿನಿಂದ. ಅವಳ ಹಣೆಯಲ್ಲಿ ಬೆವರು. ಅಯ್ಯೋ, ಮಗುವಿಗೆ ಸಿಗುತ್ತಿಲ್ಲವಲ್ಲ ಎಂದುಕೊಂಡೆ. ಕಣ್ಣಲ್ಲಿ ತೋರಿಸಿದೆ. ಕೆಮ್ಮಿದೆ. ಕಾಲಿನ ಹೆಬ್ಬೆರಳಿನಿಂದ ಹೊಕ್ಕುಳದ ದಿಕ್ಕು ತೋರಿಸಲು ಹೋಗಿ ಹೊದಿಕೆ ಜಾರಿತು. ಅವಳು ಅದನ್ನು ಎಳೆದು ಹೊದಿಸಿ, ನನ್ನನ್ನು ಬಲಕ್ಕೆ ಹೊರಳಿಸಿ, ಬೆನ್ನ ಹಿಂದೆ ಒಂದು ಕೈ ಇಟ್ಟು ಮತ್ತೆ ಹುಡುಕಿದಳು. ಗುಡುಗು ಬಂದು ನಿಂತಿತು.

'ಏನು ಸಿಕ್ತು?'

'ಸಿಗ್ತಿಲ್ಲ ಸರ್.'

'ಏನು ಸಿಗ್ತಿಲ್ಲ?'

'ಗುಲ್ಮ ಸಿಗ್ತಿಲ್ಲ ಸರ್.'

'ನಿನಗಿಂತ ಮುಂಚೆ ಬಂದವರಿಗೆಲ್ಲ ಸಿಕ್ಕಿದೆ.'

'ಅವರಿಗೆ ಸಿಕ್ಕಿರಬಹುದು ಸರ್. ನನ್ನ ಕೈಗೆ ಸಿಗ್ತಿಲ್ಲ.'

'ಫೈಲಲ್ಲೂ ಇದೆ, ಹೊಕ್ಕುಳದವರೆಗೆ ಅಂತ.'

'ಫೈಲು ಏಪ್ರಿಲ್‌ದು ಸರ್.' ದನಿ ನಡುಗುತ್ತಿತ್ತು, ಗುಂಡುಸೂಜಿ, ಆದರೆ ಮಾತು ನಡುಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ಕೂತು, 'ಸಾರ್, ಮಗು ಹೆದರಿಕೊಂಡಿದೆ. ಇದೆ ಸಾರ್, ಅಲ್ಲೇ ಇದೆ. ನಾನೇ ಹೊತ್ಕೊಂಡು ತಿರುಗ್ತಿದೀನಿ, ನನಗೆ ಗೊತ್ತಿಲ್ವಾ?' ಎಂದೆ.

'ಪರೀಕ್ಷೆ ಇರೋದು ಅವಳಿಗಾ, ನಿಮಗಾ? ಮಲಗಿ' ಎಂದಿತು ಗುಡುಗು.

ಮಲಗಿದೆ. ಅವರೇ ಬಗ್ಗಿ ಕೈಯಿಟ್ಟರು. ಆತ್ಮವಿಶ್ವಾಸದ ಕೈ, ಹೊಕ್ಕುಳದ ಬಳಿಗೇ ನೇರವಾಗಿ ಬಂತು. ಅಲ್ಲಿ ಇಲ್ಲ. ಸ್ವಲ್ಪ ಮೇಲೆ. ಅಲ್ಲೂ ಇಲ್ಲ. ಆಮೇಲೆ ಜೇಬಿನಲ್ಲಿ ಬೀಗದಕೈ ಹುಡುಕುವವರ ಹಾಗೆ ಹುಡುಕಲು ಶುರುಮಾಡಿದರು. ಹೊರಳಿಸಿದರು. ಬೆರಳ ಮೇಲೆ ಬೆರಳಿಟ್ಟು ಕುಟ್ಟಿ ಸದ್ದು ಕೇಳಿದರು. ಪರದೆಯ ಒಳಗೆ ಯಾರೂ ಉಸಿರಾಡುತ್ತಿರಲಿಲ್ಲ, ನಾನೊಬ್ಬನೇ, ಅದೂ ಅವರು ಹೇಳಿದಾಗ.

'ನಿಮ್ಮ ಪ್ಯಾಂಟು ಸಡಿಲ ಆಗಿದ್ಯಾ?' ಎಂದರು. ದನಿಯಲ್ಲಿ ಗುಡುಗು ಇರಲಿಲ್ಲ.

'ಹಿಡಿಸಿದೀನಿ ಸಾರ್.'

'ಎಷ್ಟು?'

ದರ್ಜಿಗೆ ಆ ಪ್ರಶ್ನೆ! ಕಪಾಟಿನಲ್ಲಿರುವ ಕ್ಷೌರದವರ ಪ್ಯಾಂಟು ಕಣ್ಣ ಮುಂದೆ ಬಂತು. 'ಅಳೆದಿಲ್ಲ' ಎಂದೆ.

ನರ್ಸು ತೂಕದ ಯಂತ್ರ ತಂದರು. ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಹತ್ತಿದೆ, ಕಣ್ಣು ಮುಚ್ಚಿಕೊಂಡೆ. ಗುಡುಗು ಫೈಲು ನೋಡಿತು, ಮುಳ್ಳು ನೋಡಿತು. 'ತೂಕ ಇಳಿದಿಲ್ಲ. ಸ್ವಲ್ಪ ಏರಿದೆ. ಸಣ್ಣಗಾಗಿರೋದು ನೀವಲ್ಲ ಸ್ವಾಮಿ, ನಿಮ್ಮ ಗುಲ್ಮ.'

ಆಮೇಲೆ ಆ ಹುಡುಗಿಯ ಕಡೆ ತಿರುಗಿ, 'ನಿನ್ನ ಕೈ ಸರಿ ಇದೆ' ಎಂದರು. ಅಷ್ಟೇ ಹೇಳಿದ್ದು. ಅವಳು ಹೊರಗೆ ಹೋಗಿ ನಲ್ಲಿಯ ಬಳಿ ನಿಂತು ಅತ್ತಳಂತೆ. ಒಳಗೆ ನಾನೂ ಅದೇ ಕೆಲಸ ಮಾಡುತ್ತಿದ್ದೆ, ಆದರೆ ಕೆಮ್ಮಿನ ನಡುವೆ ಮಾಡಿದ್ದರಿಂದ ಯಾರಿಗೂ ಗೊತ್ತಾಗಿಲ್ಲ.

ಅಲ್ಲೇ ರಕ್ತ ತೆಗೆದುಕೊಂಡರು. ಇವತ್ತು ನನ್ನ ಡಾಕ್ಟರು ಕರೆಸಿ, ಮೊದಲು ತಪಾಸಣೆ ತಪ್ಪಿಸಿದ್ದಕ್ಕೆ ಚೆನ್ನಾಗಿ ಬೈದು, ಆಮೇಲೆ ಹೇಳಿದರು. ರಕ್ತ ಹೆಚ್ಚುಕಮ್ಮಿ ನಿನ್ನ ರಕ್ತದ ಹಾಗೇ ಇದೆಯಂತೆ. ವಾಸಿ ಎಂಬ ಮಾತು ಈಗಲೇ ಬೇಡವಂತೆ, ಮಾತ್ರೆ ಬಿಡುವ ಹಾಗಿಲ್ಲವಂತೆ. ಆದರೆ ದಾರಿ ಸರಿ ಇದೆಯಂತೆ.

ನನ್ನ ಮೂವರು ಶಿಷ್ಯರಿಗೆ ಮಾತ್ರ ಮರುಪರೀಕ್ಷೆ. ಉದ್ದನೆಯವನು ಮೆಟ್ಟಿಲ ಬಳಿ ಹಿಡಿದುಕೊಂಡು, 'ಏನ್ ಮೇಷ್ಟ್ರೇ, ಇಲ್ಲದ ಗುಲ್ಮ ತೋರಿಸಿ ಮುಳುಗಿಸಿಬಿಟ್ರಲ್ಲ!' ಎಂದ. 'ನಾನೂ ಫೇಲು ಕಣೋ' ಎಂದೆ. ಹಳೇ ಅಳತೆಗೆ ಹೊಸ ಬಟ್ಟೆ ಕತ್ತರಿಸಬಾರದು ಎಂಬುದು ದರ್ಜಿಗೆ ಮೊದಲ ಪಾಠ. ಊರಿಗೆಲ್ಲ ಹೇಳಿದ್ದೇನೆ. ನನ್ನ ಹೊಟ್ಟೆಯ ವಿಷಯದಲ್ಲಿ ಮಾತ್ರ ಏಪ್ರಿಲ್ ಅಳತೆಯನ್ನೇ ಹಂಚುತ್ತಾ ಕೂತೆ.

ನಿನ್ನ ಪ್ರಶ್ನೆಗೆ ಉತ್ತರ: ಅಂಗಿಯ ಭುಜ ಸರಿಯಾಗಿದೆ. ಗಡಿಯಾರದ ಪಟ್ಟಿ ಸರಿಯಾಗಿದೆ. ಸೊಂಟ ಮಾತ್ರ. ನಿನಗೆ ಜುಲೈಯಲ್ಲೇ ಅನುಮಾನ ಬಂದಿತ್ತು, ಅಲ್ಲವೇ ಕಳ್ಳಿ?

ನಾನು ಹೋಗಿ ಬಂದೆ. ಈಗ ಲೆಕ್ಕ ನಿನ್ನ ಕಡೆ.

ಇಂತಿ,
ಫೇಲಾದ ಮೇಷ್ಟ್ರು


ಸೆಪ್ಟೆಂಬರ್ 5

ಮಾವ,

ನಿನ್ನ ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ದಾರಿಯಲ್ಲಿ ಹೋಗುತ್ತಿದ್ದ ಎಲ್ಲರೂ ಏನಾಯಿತು ಎಂದು ಕೇಳಿದರು. 'ನಮ್ಮ ಮಾವನ ಗುಲ್ಮ ಸಿಗ್ತಿಲ್ಲ' ಎಂದೆ. ಮೆಡಿಕಲ್ ಹಾಸ್ಟೆಲ್ ನೋಡು, ಎಲ್ಲರೂ ಚಪ್ಪಾಳೆ ತಟ್ಟಿದರು.

ಹೌದು, ಅನುಮಾನವಿತ್ತು. ಮುಟ್ಟಿ ನೋಡದೆ ಹೇಳಲು ಧೈರ್ಯವಿರಲಿಲ್ಲ. ಒಂದು ಸಲ ಸಿಗದೆಯೇ 'ಸಿಕ್ತು' ಎಂದದ್ದು ಸಾಕಾಗಿತ್ತು.

ಪತ್ರ ಜೇಬಿನಲ್ಲಿಟ್ಟುಕೊಂಡು ಅದೇ ಮಧ್ಯಾಹ್ನ ಕಿಟಕಿಯ ಬಳಿ ಹೋದೆ. ಡ್ರೈವರ್ ತೆಳ್ಳಗಾಗಿದ್ದಾರೆ. ನನ್ನನ್ನು ನೋಡಿ, 'ಬನ್ನಿ ಡಾಕ್ಟ್ರೇ, ಡ್ರೈವರ್ ಜೊತೆ ಮಾತಾಡಬಾರದು ಅಂತ ಬಸ್ಸಲ್ಲಿ ಬೋರ್ಡ್ ಇರತ್ತೆ, ಇಲ್ಲಿ ಹಾಕಿಲ್ಲ' ಎಂದರು. ನಾನು ಸ್ಟೂಲ್ ಎಳೆದು ಕೂತೆ. 'ಅವತ್ತು ನನಗೆ ಸಿಕ್ಕಿರಲಿಲ್ಲ. ಸುಳ್ಳು ಹೇಳಿದೆ' ಎಂದೆ.

'ಗೊತ್ತು. ಬ್ರೇಕ್ ಹಾಕದೆ ಸ್ಟಾಪ್ ದಾಟಿ ಹೋದ್ರಿ' ಎಂದು ನಕ್ಕರು. ಆಮೇಲೆ ತಾವೇ ಅಂಗಿ ಸರಿಸಿದರು. 'ನಿಧಾನಕ್ಕೆ ನೋಡಿ. ನನಗೇನೂ ಡ್ಯೂಟಿ ಇಲ್ಲ.'

ಕೈ ಬೆಚ್ಚಗೆ ಮಾಡಿಕೊಂಡೆ. ಕೆಳಗಿನಿಂದ ಬಂದೆ. ಬಾಯಿ ಆತುರಪಡದ ಹಾಗೆ ಹಲ್ಲು ಕಚ್ಚಿಕೊಂಡೆ. ಅವರು ಉಸಿರು ಎಳೆದರು, ಬಿಟ್ಟರು, ಎಳೆದರು. ಆಗ ನನ್ನ ಬೆರಳಿಗೆ ಒಳಗಿನಿಂದ ಏನೋ ಬಂದು ತಾಗಿತು. ಗಟ್ಟಿಯಾಗಿ, ಎರಡು ಬಟ್ಟೆಗಳ ನಡುವೆ ಇಟ್ಟ ದಾರದ ಹಾಗಲ್ಲ ಮಾವ, ಹಗ್ಗದ ಹಾಗೆ.

'ಸಿಕ್ತಾ?' ಎಂದರು.

'ಸಿಕ್ತು.'

'ಎಲ್ಲಿದೆ?'

ಅವರ ಕೈಯನ್ನೇ ತೆಗೆದು ಆ ಜಾಗದಲ್ಲಿಟ್ಟೆ. ಅವರು ಸ್ವಲ್ಪ ಹೊತ್ತು ಮುಟ್ಟಿ ನೋಡಿಕೊಂಡರು. ಅದು ದೊಡ್ಡದು ಎಂದು ಇಬ್ಬರಿಗೂ ಗೊತ್ತಾಯಿತು. 'ಥ್ಯಾಂಕ್ಸ್ ಕಣಮ್ಮ. ಯಾವ ರಸ್ತೇಲಿದೀನಿ ಅಂತ ಗೊತ್ತಾದ್ರೆ ಓಡಿಸೋದು ಸುಲಭ' ಎಂದರು. ನಾಳಿದ್ದು ಮನೆಗೆ ಹೋಗುತ್ತಾರೆ. ನೋವಿಗೆ ಒಳ್ಳೆಯ ಔಷಧಿ ಸಿಕ್ಕಿದೆ, ಮೊಮ್ಮಗಳಿಗೆ ಸೈಕಲ್ ಕಲಿಸುವುದು ಬಾಕಿ ಇದೆಯಂತೆ.

ಪರೀಕ್ಷೆಗೆ ಕೂತೆ ಎಂದು ಬೇರೆ ಹೇಳಬೇಕೇ? ನಮ್ಮದು ಮುಂದಕ್ಕೆ ಹೋಗಿತ್ತು, ನಿನ್ನೆ ಮುಗಿಯಿತು. ಒಂದು ಪ್ರಶ್ನೆಗೆ 'ನನಗೆ ಗೊತ್ತಿಲ್ಲ ಸರ್' ಎಂದೆ. ಬಾಯಿಗೆ ಎಷ್ಟು ಹಗುರವಾದ ಮಾತು ಅದು!

ನನ್ನ ಬಿಳಿ ಕೋಟು ತೋಳಿನಲ್ಲಿ ಹರಿದಿದೆ. ಹೊಸದು ಬೇಕು. ಅಳತೆ ನಿನ್ನ ಹತ್ತಿರ ಇದೆಯಲ್ಲ, ಹೊಲಿದು ಕಳಿಸುತ್ತೀಯಾ?

ನಿನ್ನ
ಗುಂಡುಸೂಜಿ


ಸೆಪ್ಟೆಂಬರ್ 16

ಡಾಕ್ಟರ್ ಗುಂಡುಸೂಜಿಯವರಿಗೆ,

ಒಂದು ದುಃಖದ ಸುದ್ದಿ. ಕಾಲೇಜಿನವರು ನಿನ್ನ ಮಾವನನ್ನು ಕೆಲಸದಿಂದ ತೆಗೆದುಹಾಕಿದ್ದಾರೆ. 'ನಿಮ್ಮ ಹತ್ತಿರ ತೋರಿಸೋಕೆ ಏನೂ ಉಳಿದಿಲ್ಲ, ಇನ್ನು ತಪಾಸಣೆಗೆ ಮಾತ್ರ ಬನ್ನಿ' ಎಂದರು ನನ್ನ ಡಾಕ್ಟರು. ಇಷ್ಟು ತಿಂಗಳ ಅನುಭವವಿರುವ ಮೇಷ್ಟ್ರನ್ನು ಯಾರಾದರೂ ಹೀಗೆ ಕಳಿಸುತ್ತಾರೆಯೇ? ಮಂಜುಗಡ್ಡೆ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಕೈ ಕುಲುಕಿದೆ. ಬೆಚ್ಚಗಿತ್ತು.

ನನ್ನ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದಾರೆ, ಅಡುಗೆ ಭಟ್ಟರು, ಭಾರೀ ಹೊಟ್ಟೆ. ಅವರನ್ನು ಪಕ್ಕಕ್ಕೆ ಕರೆದು ಹೇಳಿಬಂದೆ: 'ಮಕ್ಕಳಿಗೆ ನಮಸ್ಕಾರ ಹೇಳಿಸಿ, ಸ್ಟೂಲಿನ ಮೇಲೆ ಕೂರಿಸಿ, ಕೈ ಉಜ್ಜಿಸಿ. ಉತ್ತರ ಮಾತ್ರ ಹೇಳಬೇಡಿ.'

ಭಾನುವಾರ ನಿನ್ನ ಅತ್ತೆ ಅಂಗಡಿಯ ಪರದೆ ಸರಿಸಿ, ಟೇಪು ಹಿಡಿದು ಬಂದಳು. ಕೈ ಎತ್ತಿ ನಿಂತೆ. ಸೊಂಟಕ್ಕೆ ಸುತ್ತಿ, ನೋಡಿ, ಗಟ್ಟಿಯಾಗಿ ಓದಿದಳು. ಮದುವೆಯ ವರ್ಷದ ಸೊಂಟವಂತೆ! ಅದನ್ನು ಕ್ಷೌರದ ಅಂಗಡಿಯ ಈಗಿನ ಹುಡುಗರಿಗೆ, ಎದುರಿನ ಮನೆಯವರಿಗೆ, ದಾರಿಯಲ್ಲಿ ಹೋಗುವವರಿಗೆ ಹೇಳಿಯಾಯಿತು. ಹಿಡಿಸಿದ ಪ್ಯಾಂಟುಗಳನ್ನೆಲ್ಲ ಯಾರಿಗೋ ಕೊಟ್ಟು, ಹೊಸ ಬಟ್ಟೆ ಕತ್ತರಿಸಿದೆ. ಕಪಾಟಿನಲ್ಲಿದ್ದ ಆ ಪ್ಯಾಂಟನ್ನೂ ತೆಗೆದೆ. ಇಸ್ತ್ರಿ ಮಾಡಿ, ಕ್ಷೌರದವರ ಮಗನ ಕೈಗೆ ಕೊಟ್ಟುಬಂದೆ. ಅವನು ಅದನ್ನು ಮುಖಕ್ಕೆ ಒತ್ತಿಕೊಂಡ. ನಾನು ಹವಾಮಾನದ ಬಗ್ಗೆ ಏನೋ ಮಾತಾಡಿದೆ.

ಇನ್ನು ನಿನ್ನ ಬಿಳಿ ಕೋಟು. ಬಟ್ಟೆ ತಂದಿಟ್ಟಿದ್ದೇನೆ, ಊರಿನಲ್ಲೇ ಉತ್ತಮವಾದದ್ದು. ಜೇಬು ದೊಡ್ಡದಿಡುತ್ತೇನೆ, ಕೈ ಬೆಚ್ಚಗೆ ಮಾಡಿಕೊಳ್ಳಲು ಒಳಗೆ ಉಣ್ಣೆಯ ಪಟ್ಟಿ. ಇಡೀ ದೇಶದಲ್ಲಿ ಯಾವ ಡಾಕ್ಟರಿಗೂ ಅಂಥ ಕೋಟು ಇರುವುದಿಲ್ಲ.

ಆದರೆ ಕಳಿಸುವುದಿಲ್ಲ. ನನ್ನ ಹತ್ತಿರ ಇರುವುದು ನೀನು ಕಾಲೇಜಿಗೆ ಸೇರಿದಾಗಿನ ಅಳತೆ, ಅದನ್ನು ಹರಿದು ಹಾಕಿದ್ದೇನೆ. ರಜೆಗೆ ಬಾ, ಎದುರಿಗೆ ನಿಲ್ಲು. ಕತ್ತರಿ ಮೇಜಿನ ಮೇಲಿದೆ.

ಇಂತಿ,
ಕೆಲಸ ಕಳೆದುಕೊಂಡ ನಿನ್ನ ಮಾವ